ಗೆರೆಯವರೆಗೆ ನೀರು

ಆಲೂರು
೧೨ ಫೆಬ್ರವರಿ ೨೦೨೫

ಚಿರಂಜೀವಿ ನೇತ್ರಾವತಿಗೆ ನಿನ್ನ ಅಮ್ಮ ಮಾಡುವ ಆಶೀರ್ವಾದಗಳು.

ಇಲ್ಲಿ ನಾವಿಬ್ಬರೂ ಇದ್ದ ಹಾಗೇ ಇದ್ದೇವೆ. ನೀನು ಅಲ್ಲಿ ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯೋ ಇಲ್ಲವೋ, ಆ ಮಂಗಳೂರಿನ ಸೆಕೆಗೆ ನಿದ್ದೆಯಾದರೂ ಬರುತ್ತದೋ ಇಲ್ಲವೋ, ದೇವರಿಗೇ ಗೊತ್ತು. ಫೋನು ಮಾಡಿದರೆ ಎತ್ತುವುದಿಲ್ಲ. ಮೆಸೇಜು ಕಳಿಸಿದರೆ ಎರಡು ನೀಲಿ ಗೀಟು ಬೀಳುತ್ತವೆ, ಉತ್ತರ ಬೀಳುವುದಿಲ್ಲ. ಅದಕ್ಕೇ ಕಾಗದ ಹಿಡಿದು ಕೂತಿದ್ದೇನೆ. ತಡವಾಯಿತು, ಬೈಯಬೇಡ. ಮೊದಲು ನನಗೆ ನಿನ್ನ ಮೇಲೆ ಸಿಟ್ಟಿತ್ತು. ಸಿಟ್ಟು ಇಳಿದ ಮೇಲೆ ಹೆದರಿಕೆಯಾಯಿತು. ಹೆದರಿಕೆ ಯಾತಕ್ಕೆ ಅಂತ ಮುಂದೆ ಬರೆಯುತ್ತೇನೆ. ಪಕ್ಕದ ಮನೆ ಫಹಮೀದಾಳ ಮಗ ವಸೀಂ ಶುಕ್ರವಾರ ಲೋಡು ತಗೊಂಡು ಘಾಟಿ ಇಳಿಯುತ್ತಾನೆ. ಇದನ್ನು ನಿನ್ನ ಕೈಗೇ ಕೊಡಬೇಕು, ನೀನು ಓದಿ ಮುಗಿಸುವವರೆಗೆ ಅಲ್ಲೇ ನಿಂತಿರಬೇಕು ಅಂತ ಹೇಳಿದ್ದೇನೆ. ಪಾಪ, ಆ ಹುಡುಗನನ್ನು ಬಿಸಿಲಲ್ಲಿ ನಿಲ್ಲಿಸಬೇಡ.

ಮೊದಲು ನಿನಗೆ ಬೇಕಾದ ಸುದ್ದಿ. ನಿನ್ನ ಗಾಜಿನ ತೊಟ್ಟಿಯ ಎರಡು ಪಟ್ಟೆ ಮೀನೂ ಬದುಕಿವೆ. ಹವಳ ಒಂದೂ ಚಿಗುರಿಲ್ಲ, ಸುಣ್ಣದ ಹರಳಿನ ಹಾಗೆ ಬೆಳ್ಳಗೆ ಕೂತಿದೆ. ಮೋಟಾರು ಓಡುತ್ತಿದೆ, ಸಂಜೆ ನೀಲಿ ದೀಪ ನಾನೇ ಹಾಕುತ್ತೇನೆ. ಸೀಗಡಿ ಚೂರು ಹಾಕಲು ಫಹಮೀದಾ ದಿನಾ ತಪ್ಪದೆ ಬರುತ್ತಾಳೆ. ಸೀಗಡಿ ನಮ್ಮ ಫ್ರಿಜ್ಜಿಗೆ ಬರುವ ಹಾಗಿಲ್ಲವಲ್ಲ, ಇವತ್ತಿಗೂ ಅವಳ ಫ್ರಿಜ್ಜಿನಲ್ಲೇ ಇದೆ. ನಾನು ಮೂಗಿಗೆ ಸೆರಗು ಹಿಡಿದು ಪಕ್ಕದಲ್ಲಿ ನಿಲ್ಲುತ್ತೇನೆ. "ವಿಶಾಲಕ್ಕ, ತಿನ್ನೋದು ಅವು, ಮುಖ ಕಿವುಚೋದು ನೀವು" ಅಂತ ನಗುತ್ತಾಳೆ. ಮೊನ್ನೆ ದೋಣಿಗಲ್ಲಿನ ಹೋಮ್‌ಸ್ಟೇ ಮೃತ್ಯುಂಜಯ ನಮ್ಮ ಗೊಬ್ಬರದ ಅಂಗಡಿಗೆ ಬಂದಿದ್ದರಂತೆ. ನಿನ್ನನ್ನು ಕೇಳಿದರಂತೆ. ನಿಮ್ಮಪ್ಪ ಏನು ಹೇಳಿದರೋ ನನಗೆ ಹೇಳಲಿಲ್ಲ.

ನೇತ್ರಾ, ನೀನು ಹೋದ ಮೇಲೆ ನಾನು ಆ ಗಾಜಿನ ಪೆಟ್ಟಿಗೆಯ ಮುಂದೆ ಕೂತು ಎಲ್ಲ ಮೊದಲಿಂದ ನೆನೆಸಿಕೊಳ್ಳುತ್ತೇನೆ. ನೀನು ಮೀನಿನ ಕಾಲೇಜಿಗೆ ಸೇರುವಾಗ ಸರ್ಕಾರಿ ಕೆಲಸ ಸಿಗುತ್ತೆ ಅಂತ ನಿಮ್ಮಪ್ಪ ಹೂಂ ಅಂದರು. ಓದು ಮುಗಿಸಿ ಬಂದು ನೀನು, ಕೆಲಸ ಬೇಡ, ಹೋಮ್‌ಸ್ಟೇಗಳಿಗೆ ಸಮುದ್ರದ ತೊಟ್ಟಿ ಕಟ್ಟಿಕೊಡುತ್ತೇನೆ ಅಂದೆ. ಮೃತ್ಯುಂಜಯ, "ಮೊದ್ಲು ನಿಮ್ಮನೇಲಿ ಒಂದು ವರ್ಷ ಬದುಕಿಸಿ ತೋರ್ಸಮ್ಮ, ಆಮೇಲೆ ನಮ್ಮ ಹಾಲ್‌ನಲ್ಲಿ ಇಡಣ" ಅಂದರು. ಅವತ್ತು ನಿಮ್ಮಪ್ಪ ಆಡಿದ ಮಾತು ನನಗೆ ಮರೆತಿಲ್ಲ. "ನಮ್ಮಪ್ಪನ ಕಾಲದಿಂದ ಈ ಹೊಸಿಲು ದಾಟಿ ಮೀನು ಬಂದಿಲ್ಲ. ಈಗ ದೀಪ ಹಚ್ಚಿ ಕೂರಿಸ್ಕಬೇಕಾ?" ಅಂದರು. ನೀನು ಕೂರಿಸಿಯೇ ಬಿಟ್ಟೆ. ಅವರು ನಿನ್ನ ಜೊತೆ ಮಾತು ಬಿಟ್ಟರು. ಊಟಕ್ಕೆ ಕೂತಾಗ ನೀನು ಎದುರಿಗೇ ಇದ್ದರೂ "ಉಪ್ಪು ಕೊಡೋಕೆ ಹೇಳು ಅವಳಿಗೆ" ಅಂತ ನನ್ನ ಕೈಲಿ ಹೇಳಿಸುತ್ತಿದ್ದರು. ನನಗೋ, ನಿಮ್ಮಿಬ್ಬರ ನಡುವೆ ಉಪ್ಪು ಸಾಗಿಸಿ ಸಾಗಿಸಿ ಸಾಕಾಗಿತ್ತು.

ಗಾಜಿನ ಕೆಲಸದ ಇಸ್ಮಾಯಿಲಣ್ಣ ನಿನ್ನ ಅಳತೆಗೆ ಗಾಜು ಕುಯ್ದದ್ದು ನೆನಪಿದೆಯಾ? ಹಿಂಬದಿಯ ಗಾಜಿಗೆ ತೂತು ಕೊರೆಯುವಾಗ ಮೊದಲನೆಯದು ಸೀಳಿ ಹೋಯಿತು. "ಕಿಟಕಿ, ಕನ್ನಡಿ ಕೆಲ್ಸ ಹೇಳು ಮಾರಾಯ್ತಿ, ಸಮುದ್ರಕ್ಕೆ ತೂತು ಕೊರೆಯೋ ಕೆಲ್ಸ ನಂಗೆ ಬ್ಯಾಡ" ಅಂತ ಎದ್ದೇ ಹೋದರು. ಮಾರನೇ ದಿನ ಅವರೇ ಹೊಸ ಗಾಜು ತಂದು, ನೀರು ಹನಿಸುತ್ತಾ ಹನಿಸುತ್ತಾ ಕೊರೆದು, ಅಂಟು ಹಾಕಿ ಕೂಡಿಸಿಕೊಟ್ಟರು. ಆಮೇಲೆ ಕೆಳಗಿನ ಕಪಾಟಿನಲ್ಲಿ ಇನ್ನೊಂದು ತೊಟ್ಟಿ ಇಟ್ಟೆ. ಅದಕ್ಕೂ ಸಂಪು ಅಂತಲೇ ಹೆಸರಂತೆ. ನಾನು ಕಂಡ ಸಂಪು ಅಂಗಳದಲ್ಲಿ ಹೂತಿರುತ್ತದೆ, ನಲ್ಲಿ ಬಂದಾಗ ತುಂಬಿಸಿಕೊಳ್ಳದಿದ್ದರೆ ಮನೆಯವಳ ಮಾನ ಹೋಗುತ್ತದೆ. ಮೇಲಿನ ನೀರು ಇದಕ್ಕೆ ಇಳಿಯುತ್ತದೆ, ಕೊಳೆ ಇಲ್ಲೇ ನಿಲ್ಲುತ್ತದೆ, ಮೋಟಾರು ಮತ್ತೆ ಮೇಲಕ್ಕೆ ದೂಡುತ್ತದೆ ಅಂತ ನೀನು ಹೇಳಿದ್ದೆ. ನಾನು ಅಭ್ಯಾಸಬಲ, ಅದನ್ನೂ ಕಂಠಮಟ್ಟ ತುಂಬಿಸಿಟ್ಟೆ. ಕರೆಂಟು ಹೋಯಿತು ನೋಡು, ಮೋಟಾರು ನಿಂತು ಮೇಲಿನ ನೀರೆಲ್ಲ ಕೆಳಗಿಳಿದು, ತುಂಬಿ ಚೆಲ್ಲಿ, ದೇವರ ಮನೆ ಬಾಗಿಲವರೆಗೆ ಉಪ್ಪುನೀರು! ನೀನು ಹೊಟ್ಟೆ ಹಿಡಿದುಕೊಂಡು ನಕ್ಕೆ. ನಕ್ಕು, ಕಪ್ಪು ಪೆನ್ನಿನಲ್ಲಿ ಸಂಪಿನ ಗಾಜಿಗೆ ಒಂದು ಗೆರೆ ಎಳೆದೆ. "ಅಮ್ಮ, ಈ ಗೆರೆಗಿಂತ ಮೇಲೆ ಬೇಡ, ಕೆಳಗೂ ಬಿಡಬೇಡ. ಉಪ್ಪು ಆರಲ್ಲ, ನೀರು ಮಾತ್ರ ಆರ್ತದೆ. ಆರಿದಷ್ಟು ಶುದ್ಧವಾದ ಸಿಹಿನೀರು ಹಾಕ್ಬೇಕು, ನಲ್ಲಿ ನೀರು ಮಾತ್ರ ಬೇಡ" ಅಂದೆ. ನಿಮ್ಮಪ್ಪ ಪೇಪರು ಹಿಡಿದು ಅಲ್ಲೇ ಕೂತಿದ್ದರು. ಪೇಪರು ಕೆಳಗಿಳಿಸಲಿಲ್ಲ.

ಇನ್ನು ಆ ದಿನದ ವಿಚಾರ. ಬರೆಯಲು ಕೈ ಬರುವುದಿಲ್ಲ, ಆದರೂ ಬರೆಯುತ್ತೇನೆ. ಸೀಗಡಿ, ಬಸವನಹುಳು ಒಂದೊಂದಾಗಿ ಮಗುಚಿಕೊಂಡವು. ಹವಳ ಮುದುಡಿ ಬಣ್ಣ ಬಿಟ್ಟಿತು. ನೀನು ಕೊಳವೆಯಲ್ಲಿ ನೀರು ಹಿಡಿದು, ಔಷಧಿ ಹನಿಸಿ ನೋಡಿ, ಕೂಗಿದೆ: "ನೀರಲ್ಲಿ ತಾಮ್ರ ಐತೆ! ಮೀನು ತಡ್ಕೊಂಡ್ರೂ ಇವಕ್ಕೆ ತಾಮ್ರ ವಿಷ. ಅದು ತಾನಾಗೇ ಬರಲ್ಲ. ಅಂಗಡೀಲಿ ಮೈಲುತುತ್ತದ ಚೀಲ ಐತಲ್ಲ, ಇನ್ನೆಲ್ಲಿಂದ ಬರ್ತದೆ?" ಕಾಫಿ, ಅಡಕೆಗೆ ಹೊಡೆಯುವ ಮೈಲುತುತ್ತ ಯಾವ ಗೊಬ್ಬರದ ಅಂಗಡಿಯಲ್ಲಿಲ್ಲ? ಆದರೆ ನೀನು ಕೇಳಿದ್ದು ನಿಮ್ಮಪ್ಪನ ಮುಖ ನೋಡಿಕೊಂಡು. ಅವರು ತಲೆ ತಗ್ಗಿಸಿಕೊಂಡು ಅಂಗಡಿಗೆ ಹೊರಟುಹೋದರು. "ನೋಡಿದ್ಯಾ ಅಮ್ಮ" ಅಂದೆ ನೀನು. ಸಂಜೆಯ ಬಸ್ಸಿಗೆ ಬ್ಯಾಗು ಹಿಡಿದು ನಡೆದೆ. ನಾನು ತಡೆಯಲಿಲ್ಲ. ಸುಳ್ಳು ಯಾಕೆ ಹೇಳಲಿ, ಆ ತಗ್ಗಿಸಿದ ತಲೆ ನೋಡಿ ನನಗೂ ಹಾಗೇ ಅನ್ನಿಸಿಬಿಟ್ಟಿತ್ತು.

ಹೋದ ವಾರ ನನ್ನ ಮಂಡಿ ಹಿಡಿದುಕೊಂಡು, ಬೆಳಿಗ್ಗೆ ಹಾಲಿಗೆ ಹೋಗಲು ಆಗಲಿಲ್ಲ. ಒಳಗೆ ಮಲಗಿದ್ದೆ. ನಾನು ಹೋಗಿದ್ದೇನೆಂದೇ ನಿಮ್ಮಪ್ಪ ತಿಳಿದಿದ್ದರು. ಪೂಜೆ ಮುಗಿಸಿ, ಹಣೆಯಲ್ಲಿ ವಿಭೂತಿ, ಮಡಿ ಪಂಚೆಯಲ್ಲೇ ನಡುಮನೆಗೆ ಬಂದರು. ಕೈಯಲ್ಲಿ ತಾಮ್ರದ ತಂಬಿಗೆ. ಅದೇ ಕಣೇ, ಹಿಂದಿನ ಸಂಜೆಯೇ ಪೂಜೆಗೆ ನೀರು ತುಂಬಿ ಮುಚ್ಚಿಡುತ್ತೇವಲ್ಲ, ಚಿಕ್ಕವಳಿದ್ದಾಗ ನೀನು ಬಾಯಾರಿ ಮುಟ್ಟಿದ್ದಕ್ಕೆ ಅವರು ಗದರಿದ್ದರಲ್ಲ, ಆ ತಂಬಿಗೆ. ಸೊಂಟ ಬಗ್ಗದ ಮನುಷ್ಯ ಗೋಡೆ ಹಿಡಿದು ನೆಲಕ್ಕೆ ಕೂತರು. ಕಪಾಟಿನ ಬಾಗಿಲು ತೆಗೆದು, ಮಗುವಿಗೆ ಒಳಲೆಯಲ್ಲಿ ಹಾಲು ಹೊಯ್ಯುವ ಹಾಗೆ, ಗೆರೆ ನೋಡಿಕೊಂಡು ಗೆರೆ ನೋಡಿಕೊಂಡು ನೀರು ಹೊಯ್ದರು. ಆಮೇಲೆ ಮೇಲಿನ ಮೀನುಗಳನ್ನು ನೋಡಿ, "ಕುಡೀರಪ್ಪ, ನಿಮ್ಮವ್ವ ಬರಗಂಟ ನಾನೇ ಗತಿ" ಅಂದರು.

ನಾನು ಬಾಗಿಲ ಹಿಂದೆ ನಿಂತು ಬಾಯಿಗೆ ಸೆರಗು ತುರುಕಿಕೊಂಡೆ.

ಸಂಜೆ ಕಾಫಿ ಕೊಟ್ಟು ಮೆಲ್ಲಗೆ ಕೇಳಿದೆ, "ಯಾವಾಗಿಂದ ಇದು?" ಕದ್ದು ಸಿಕ್ಕಿಬಿದ್ದವರ ಹಾಗೆ ಆದರು. "ಅವಳು ದೋಣಿಗಲ್ಲಿಗೆ ಓಡಾಡ್ತಿದ್ಲಲ್ಲ, ಆವಾಗೊಂದಿನ ನೋಡ್ದೆ, ನೀರು ಗೆರೆ ಬುಟ್ಟು ಕೆಳಗಿಳಿದಿತ್ತು. ನಲ್ಲಿ ನೀರು ಬ್ಯಾಡ ಅಂದಿದ್ಲು. ಈ ಮನೇಲಿ ಚೊಕ್ಕ ನೀರು ಅಂದ್ರೆ ಅದೊಂದೇ ಅಲ್ವಾ? ಅದ್ನೇ ಹಾಕ್ದೆ. ನೀ ಅವಳಿಗೆ ಹೇಳ್ಗೀಳೀಯ ಮತ್ತೆ" ಅಂದರು. ನೀರು ಇಳಿಯದಿದ್ದಾಗ ನೀನು ನಾನು ಹಾಕಿದೆ ಅಂದುಕೊಂಡೆ, ನಾನು ನೀನು ಹಾಕಿದೆ ಅಂದುಕೊಂಡೆ. ದಿನಾ ಹಾಕಿದವರು ಅವರು. ಇಡೀ ರಾತ್ರಿ ತಾಮ್ರದಲ್ಲಿ ನಿಂತ ನೀರು. ಆ ತಂಬಿಗೆಗೆ ಹುಣಸೆಹಣ್ಣು ಹಾಕಿ ಫಳಫಳ ಉಜ್ಜಿಡುತ್ತಿದ್ದವಳು ನಾನು. ಹೆದರಿಕೆ ಅಂದೆನಲ್ಲ, ಅದು ಇದಕ್ಕೇ ಮಗಳೇ.

ಅವರಿಗೆ ನಾನು ಹೇಳಿಲ್ಲ. ಹೇಗೆ ಹೇಳಲಿ? ಬಾಯಿಬಿಟ್ಟು ನಿನಗೆ ಒಂದು ಒಳ್ಳೆ ಮಾತು ಆಡಲಾರದೆ, ದೇವರಿಗೆ ಇಟ್ಟ ನೀರನ್ನೇ ನಿನ್ನ ಹುಳುಹುಪ್ಪಟೆಗೆ ಕೊಟ್ಟ ಮನುಷ್ಯ. ಅದೇ ಅವನ್ನು ಕೊಂದಿತು ಅಂದರೆ ನಾಳೆಯಿಂದ ಅವರು ಪೂಜೆಗೆ ಕೂರುವುದು ಹೇಗೆ? ತಂಬಿಗೆಯ ತಳ ಸೋರುತ್ತೆ ಅಂತ ಸುಳ್ಳು ಹೇಳಿ, ಫಹಮೀದಾಳ ಮನೆಯ ಅಟ್ಟದಲ್ಲಿ ಅಡಗಿಸಿ ಬಂದಿದ್ದೇನೆ. "ಯಾ ಅಲ್ಲಾ, ಮೊದ್ಲು ಸೀಗಡಿ ನಮ್ಮನೇಗೆ ಬಂತು, ಈಗ ನಿಮ್ಮ ದೇವ್ರ ತಂಬಿಗೇನೂ ಬಂತಾ ಅಕ್ಕ?" ಅಂದಳು. ನಗುತ್ತಾ ಅಂದವಳು ಪೂರ್ತಿ ಕೇಳಿದ ಮೇಲೆ ಕಣ್ಣು ಒರೆಸಿಕೊಂಡಳು. ಈಗ ಪೂಜೆ ಸ್ಟೀಲು ತಂಬಿಗೆಯಲ್ಲಿ. ದಿನಾ ಬೆಳಿಗ್ಗೆ ಗೊಣಗಾಟ.

ನಿಮ್ಮಪ್ಪ ಮಾತು ಬಿಟ್ಟದ್ದು ಸರಿ ಅಂತ ನಾನು ಹೇಳುವುದಿಲ್ಲ. ವರ್ಷಗಟ್ಟಲೆ ಮಗಳ ಮುಖ ನೋಡದೆ ಅನ್ನ ಉಣ್ಣುವುದು ಎಂಥ ಹಟ? ಆದರೆ ನೀನು ಹೊತ್ತುಕೊಂಡು ಹೋದೆಯಲ್ಲ, ಅಪ್ಪನೇ ವಿಷ ಹಾಕಿದ ಅನ್ನುವ ಮಾತು, ಅದನ್ನು ಅಲ್ಲೇ ಇಳಿಸಿಬಿಡು. ಅದು ನಿಜವಲ್ಲ. ಶಿವರಾತ್ರಿ ಹತ್ತಿರ ಬಂತು. ರಜೆ ಕೊಡದಿದ್ದರೆ ಅಮ್ಮನಿಗೆ ಮಂಡಿನೋವು ಅನ್ನು, ಅದಂತೂ ಸುಳ್ಳಲ್ಲ. ಹೊತ್ತಿಗೆ ಉಣ್ಣು, ತಲೆಗೆ ಎಣ್ಣೆ ಇಡು. ಕೋಡುಬಳೆ ಕಳಿಸಿದ್ದೇನೆ, ವಸೀಂಗೂ ನಾಲ್ಕು ಕೊಡು. ಶಿವ ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನನ್ನೇ ನೆನೆಯುವ ಅಮ್ಮ,
ವಿಶಾಲಮ್ಮ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಅವತ್ತು ಯಾಕೆ ತಲೆ ತಗ್ಗಿಸಿದಿರಿ ಅಂತ ನಿನ್ನೆ ನಿಮ್ಮಪ್ಪನನ್ನು ಕೇಳಿಬಿಟ್ಟೆ. ಕಣ್ಣಿನ ಆಪರೇಷನ್ನಿಗೆ ಹಾಸನದಲ್ಲಿ ಉಳಿದಿದ್ದರಲ್ಲ, ಅದಾದ ಮೇಲೇ ಅಲ್ಲವೇ ಅವು ಸಾಯಲು ಶುರುವಾದದ್ದು. "ನಾನು ನೀರು ತಪ್ಪಿಸ್ಬುಟ್ಟೆ ಕಣೇ, ಅದ್ಕೇ ಸತ್ತೋದ್ವು. ಅವಳು ಕೇಳ್ದಾಗ ಏನಂತ ಹೇಳ್ಲಿ?" ಅಂದರು. ನೀನು ತಾಮ್ರ, ಮೈಲುತುತ್ತ ಅಂದದ್ದು ಅವರ ಕಿವಿಗೇ ಬಿದ್ದಿಲ್ಲ. ಬಾಯಾರಿ ಸತ್ತವು ಅಂತಲೇ ಇವತ್ತಿಗೂ ತಿಳಿದಿದ್ದಾರೆ.

ಈಗ, ಈ ಕಾಗದ ಮಡಿಸುವಾಗ, ಪಕ್ಕದಲ್ಲಿ ಬಂದು ನಿಂತರು. "ಅವಳನ್ನ ಒಂದು ಮಾತು ಕೇಳು. ಸ್ಟೀಲ್ ತಂಬಿಗೆ ನೀರು ಹಾಕಿದ್ರೆ ಆದೀತಾ? ಅವಕ್ಕೆ ತಾಮ್ರದ್ದು ರೂಢಿ ಆಗೈತೆ" ಅಂದರು. ಮಾತು ಬಿಟ್ಟ ಮೇಲೆ ಅವರು ನಿನಗೆ ಕಳಿಸುತ್ತಿರುವ ಮೊದಲ ಮಾತು ಇದು. ಆದೀತು ಅನ್ನಲು ನನಗೆ ಎಷ್ಟು ಹೊತ್ತು? ಆದರೆ ಅವರು ಕೇಳಿದ್ದು ನನ್ನನ್ನಲ್ಲ. ನಿನ್ನ ಉತ್ತರ ಬರುವವರೆಗೆ ಹಾಕುವುದಿಲ್ಲವಂತೆ. ನೀರು ಗೆರೆಯಿಂದ ಎರಡು ಬೆರಳು ಕೆಳಗಿದೆ.