ಮೂರು ಗಜದ ತಟ್ಟೆಗಳು

ಹಾರ್ಲೋ, ನೆಬ್ರಾಸ್ಕಾ
ಭಾನುವಾರ, ೬ ನವೆಂಬರ್ ೧೯೯೪

ಪ್ರೀತಿಯ ರಾಯ್ಸ್,

ನಿನ್ನ ಮಂಡಿ ಈಗ ಹೇಗಿದೆ? ಶಸ್ತ್ರಚಿಕಿತ್ಸೆಯಾಗಿ ಆರು ವಾರವಾಯಿತು. "ಕೋಲು ಬಿಟ್ಟಿದ್ದಾರೆ ಅತ್ತೆ, ಗೊಣಗೋದು ಮಾತ್ರ ಬಿಟ್ಟಿಲ್ಲ" ಎಂದು ಜೋಲೀನ್ ಹೇಳಿದಳು. ಗೊಣಗುವುದು ನಿಮ್ಮಪ್ಪನ ಕಡೆಯಿಂದ ಬಂದದ್ದು, ಅದಕ್ಕೆ ಯಾವ ಡಾಕ್ಟರ ಹತ್ತಿರವೂ ಮದ್ದಿಲ್ಲ ಎಂದು ಅವಳಿಗೆ ತಿಳಿಸು. ನಾನು ಚೆನ್ನಾಗಿದ್ದೇನೆ. ಮೆಕ್ಕೆಜೋಳದ ಕಟಾವು ಮುಗಿದಿದೆ, ಬೆಳಿಗ್ಗೆ ಕಾರಿನ ಗಾಜನ್ನು ಕೆರೆಯದೆ ಹೊರಡುವ ಹಾಗಿಲ್ಲ. ನಿನಗೆ ಇಷ್ಟವಾದ ಎಲೆಕೋಸು-ಮಾಂಸದ ಬನ್ನುಗಳನ್ನು ಮಾಡಿ ಫ್ರೀಜರಿನಲ್ಲಿಟ್ಟಿದ್ದೇನೆ. ಈ ತಿಂಗಳ ಕೊನೆಯ ಹಬ್ಬಕ್ಕೆ ನೀವಿಬ್ಬರೂ ಬರುವ ತನಕ ನಿಮ್ಮಪ್ಪನ ಕೈಗೆ ಸಿಗದಂತೆ ಬಟಾಣಿ ಪೊಟ್ಟಣಗಳ ಕೆಳಗೆ ಹೂತಿದ್ದೇನೆ. ಅವರು ಚರ್ಚಿನ ಬೆಂಚುಗಳನ್ನು ಸರಿಮಾಡಲು ಹೋಗಿದ್ದಾರೆ, ನಾಲ್ಕಕ್ಕೆ ಬರುತ್ತಾರೆ. ಅವರ ವಿಷಯ ಬರೆಯಲೆಂದೇ ಕೂತಿದ್ದೇನೆ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನು ಇರುವುದು ಅಡುಗೆಮನೆಯಲ್ಲಿ, ಅವರಿಗೆ ಬೇಡದ್ದೆಲ್ಲ ಅವರ ಕಿವಿಗೇ ಬೀಳುತ್ತದೆ.

ನನಗೆ ಆಗಸ್ಟಿನಿಂದ ಅನುಮಾನ. ಮೊದಲು ಕಾಣೆಯಾದದ್ದು ಕಾಗದದ ತಟ್ಟೆಗಳು. ಚರ್ಚಿನ ಊಟಕ್ಕೆಂದು ನೂರು ತಟ್ಟೆಗಳ ಕಟ್ಟು ತಂದಿಟ್ಟಿದ್ದೆ. ಬಡಿಸುವ ದಿನ ನೋಡಿದರೆ ಉಳಿದದ್ದು ಹನ್ನೊಂದು. ಕೇಳಿದರೆ "ಗುರಿ ಹೊಡೆಯೋಕೆ ತಗೊಂಡೆ ಕಣೇ, ಪರೀಕ್ಷೆ ಬರ್ತಾ ಇದೆಯಲ್ಲ" ಎಂದರು. ಕೋರ್ಟಿನ ಬಾಗಿಲು ಕಾಯುವವರು ವರ್ಷಕ್ಕೊಮ್ಮೆ ರಿವಾಲ್ವರಿನ ಪರೀಕ್ಷೆ ಕೊಡಬೇಕು, ನಿಜ. ಆದರೆ ಇಪ್ಪತ್ತೆರಡು ವರ್ಷಗಳಲ್ಲಿ ಅದಕ್ಕೆಂದು ನಿಮ್ಮಪ್ಪ ಒಂದು ದಿನ ಅಭ್ಯಾಸ ಮಾಡಿದ್ದನ್ನು ನಾನು ನೋಡಿಲ್ಲ. ಈಗ ಕೆಲಸದಿಂದ ಬಂದವರು ಬೂಟು ಕೂಡ ಬಿಚ್ಚದೆ ನಮ್ಮ ಹೊಲದಾಚೆಯ ಜಲ್ಲಿ ಗುಂಡಿಗೆ ಹೋಗುತ್ತಾರೆ.

ಒಂದು ಸಂಜೆ ಬೇಲಿಯ ಹತ್ತಿರ ನಿಂತು ನೋಡಿದೆ. ನಮ್ಮಿಬ್ಬರಿಗೂ ಅವರೇ ಕಲಿಸಿದ ಅದೇ ಅಭ್ಯಾಸ. ಮೂರು ಗಜದಲ್ಲಿ ತಟ್ಟೆ, ತಟ್ಟೆಯ ನಡುವೆ ಒಂದು ಚುಕ್ಕೆ, ಆತುರವಿಲ್ಲದೆ ಐದು ಗುಂಡು. ಐದು ತೂತುಗಳನ್ನೂ ಒಂದು ಕ್ವಾರ್ಟರ್ ನಾಣ್ಯ ಮುಚ್ಚಿದರೆ ಏಳು ಗಜಕ್ಕೆ ಹೋಗಬೇಕು, ಇಲ್ಲವಾದರೆ ಅಲ್ಲೇ ನಿಲ್ಲಬೇಕು. "ಹತ್ರದಲ್ಲಿ ಮಾಡೋ ತಪ್ಪು ದೂರ ಹೋದಷ್ಟೂ ದೊಡ್ಡದಾಗುತ್ತೆ, ಸಣ್ಣದಾಗಲ್ಲ" ಎಂದು ನಿನಗೆ ಎಷ್ಟು ಸಲ ಹೇಳಿದ್ದಾರೋ! ಆದರೆ ನಾನು ನೋಡಿದ ದಿನ ಅವರು ಮೂರು ಗಜ ಬಿಟ್ಟು ಹಿಂದೆ ಸರಿಯಲಿಲ್ಲ. ಮರುವಾರ ನೋಡಿದಾಗಲೂ ಇಲ್ಲ. ಪರೀಕ್ಷೆಯಲ್ಲಿ ಏಳು ಗಜವೂ ಉಂಟು, ಹದಿನೈದು ಗಜವೂ ಉಂಟು. ಬರೀ ಮೂರೇ ಗಜ ಯಾರಿಗೆ ಬೇಕು? ಎದುರಿಗೆ ಬಂದು ನಿಲ್ಲುವ ಒಬ್ಬ ಮನುಷ್ಯನನ್ನು ಮನಸ್ಸಿನಲ್ಲಿ ಇಟ್ಟುಕೊಂಡವರಿಗೆ ಬೇಕು ಎಂದು ನನಗೆ ಅನ್ನಿಸಿತು.

ಆ ಮನುಷ್ಯ ಯಾರೆಂದೂ ನಾನೇ ತೀರ್ಮಾನ ಮಾಡಿಬಿಟ್ಟೆ. ಡ್ವೇನ್ ಪ್ರುವಿಟ್ ಜುಲೈಯಲ್ಲಿ ಜೈಲಿನಿಂದ ಬಿಡುಗಡೆಯಾದ. ಐದು ವರ್ಷದ ಹಿಂದೆ ಶಿಕ್ಷೆಯಾದ ದಿನ ಅವನಿಗೆ ಬೇಡಿ ಹಾಕಿದ್ದು ನಿಮ್ಮಪ್ಪ. "ಹೊರಗೆ ಬಂದ ದಿನ ನಿನ್ನ ಮನೆ ಬಾಗಿಲಿಗೇ ಬರ್ತೀನಿ ನೋಡ್ತಿರು, ಮುದುಕಾ" ಎಂದು ಅವನು ಇಡೀ ಕೋರ್ಟಿಗೆ ಕೇಳುವಂತೆ ಕೂಗಿದ್ದ. ಈಗ ಮೇವಿನ ಅಂಗಡಿಯಲ್ಲಿ ಮೂಟೆ ಹೊರುತ್ತಾನೆ. ಕೋಳಿ ಕಾಳಿನ ನೆವದಲ್ಲಿ ಹೋದೆ, ಮೂಟೆಯನ್ನು ಕಾರಿಗೆ ಹಾಕುತ್ತಿದ್ದವನನ್ನು ನೇರವಾಗಿ ಕೇಳಿದೆ: ನನ್ನ ಗಂಡನಿಗೂ ನಿನಗೂ ಮತ್ತೆ ಏನಾದರೂ ಮಾತಾಯಿತೇ? ಅವನು ಮೂಟೆ ಕೆಳಗಿಟ್ಟ. "ಅಯ್ಯೋ ಅಮ್ಮಾವ್ರೇ, ನಾನೇ ಅವ್ರನ್ನ ಕಂಡು ಮೂಟೆ ಹಿಂದೆ ಸರ್ಕೊಂಡೆ. ಅವ್ರು ಸೀದಾ ಬಂದು ಹೆಗಲ ಮೇಲೆ ಕೈ ಹಾಕಿ, ಏನಪ್ಪಾ, ನಿಮ್ಮಪ್ಪ ಟ್ರ್ಯಾಕ್ಟರ್ ಮಾರಿದ್ರಾ ಅಂದ್ರು. ನಮ್ಮಪ್ಪ ಸತ್ತು ಒಂಬತ್ತು ವರ್ಷ ಆಯ್ತು. ಅವ್ನ ಹತ್ರ ಸೈಕಲ್ಲೂ ಇರ್ಲಿಲ್ಲ! ಸಾಹೇಬ್ರು ನನ್ನ ಆಟ ಆಡಿಸ್ತಿದ್ದಾರೆ ಅಂದ್ಕೊಂಡು ಎರಡು ರಾತ್ರಿ ನಿದ್ದೆ ಮಾಡ್ಲಿಲ್ಲ" ಎಂದ. ನಿಮ್ಮಪ್ಪ ಆಟ ಆಡಿಸುವವರಲ್ಲ. ಎದುರಿಗಿದ್ದವನನ್ನು ಬೇರೆ ಯಾರೋ ಎಂದು ತಿಳಿದಿದ್ದರು, ಅಷ್ಟೇ.

ಮನೆಗೆ ಬರುವ ದಾರಿಯಲ್ಲಿ ನನ್ನ ಅನುಮಾನ ದಿಕ್ಕು ಬದಲಿಸಿತು. ಗಡಿಯಾರ ನೋಡುವಾಗ ಅವರು ಕೋಳಿಯ ಹಾಗೆ ತಲೆ ಓರೆ ಮಾಡುವುದು, ದಿನಪತ್ರಿಕೆಯನ್ನು "ನೀನೇ ಓದು, ನಿನ್ನ ದನಿ ಚೆನ್ನಾಗಿದೆ" ಎನ್ನುವುದು ಎಲ್ಲವೂ ನೆನಪಾಯಿತು. ಮೂವತ್ತಾರು ವರ್ಷದ ಸಂಸಾರದಲ್ಲಿ ನನ್ನ ದನಿ ಇದ್ದಕ್ಕಿದ್ದಂತೆ ಈ ಬೇಸಿಗೆಯಲ್ಲೇ ಏಕೆ ಚೆನ್ನಾಗಬೇಕು? ಆದರೂ ಗಟ್ಟಿಯಾಗಿ ತಿಳಿಯದೆ ಮಾತಾಡಬಾರದು ಎಂದು ಮರುದಿನ ಫ್ಲಾಸ್ಕಿನಲ್ಲಿ ಕಾಫಿ ತುಂಬಿಕೊಂಡು ಜಲ್ಲಿ ಗುಂಡಿಗೆ ನಾನೇ ಹೋದೆ. "ಆಚೆ ತಿರುಗಿ ರೀ, ತೋಟಾ ನಾನು ತುಂಬ್ತೀನಿ" ಎಂದೆ. "ನನ್ನ ಪಾಠ ನನಗೇ ಒಪ್ಪಿಸ್ತೀಯಾ?" ಎಂದು ನಕ್ಕರು. ನಾಲ್ಕು ಹೊಸ ತೋಟಾ, ನಡುನಡುವೆ ಎರಡು ಖಾಲಿ. ಕೈ ಬೆದರುವವನಾದರೆ ಖಾಲಿಯ ಮೇಲೆ ಟಕ್ ಎಂದಾಗ ನಳಿಗೆ ತಾನಾಗಿ ತಗ್ಗುತ್ತದೆ. ಗುರಿ ಕಲಿಸಿ ಪರೀಕ್ಷೆ ಮಾಡುವ ನೀನೂ ನಿನ್ನ ವಿದ್ಯಾರ್ಥಿಗಳಿಗೆ ಇದನ್ನೇ ಮಾಡಿಸುತ್ತೀ. ನಿಮ್ಮಪ್ಪನ ನಳಿಗೆ ಎರಡು ಸಲವೂ ಕೂದಲೆಳೆಯಷ್ಟು ಅಲುಗಲಿಲ್ಲ. ಕೈ ಬಂಡೆಯ ಹಾಗಿತ್ತು. ಉಳಿದ ನಾಲ್ಕು ಗುಂಡುಗಳಲ್ಲಿ ಮೂರು ತಟ್ಟೆಯ ಎಡಕ್ಕೆ ಮರಳಿಗೆ ಹೋದವು, ಒಂದು ಅಂಚನ್ನು ಹರಿಯಿತು. ಒಂಬತ್ತು ಅಡಿ ದೂರ, ಮಗು! ಆಮೇಲೆ ರಿವಾಲ್ವರ್ ಕೆಳಗಿಳಿಸಿ, ನನ್ನ ಕಡೆ ತಿರುಗದೆ, "ಎಲ್ಲಿ ಬಿತ್ತು, ಇರ್ಮಾ?" ಎಂದರು.

ಈಗ ನಾನು ಮಾಡಿದ್ದನ್ನೂ ಬರೆಯಬೇಕು. "ನಡುವಿಗೇ ಬಿತ್ತು ರೀ, ನಾಣ್ಯ ಮುಚ್ಚುತ್ತೆ" ಎಂದುಬಿಟ್ಟೆ. ಅವರು ಹೋಗಿ ನೋಡುವ ಮೊದಲೇ ತಟ್ಟೆ ಕಿತ್ತು ಕೋಟಿನೊಳಗೆ ಮಡಚಿಟ್ಟುಕೊಂಡೆ. ಆ ರಾತ್ರಿ ಊಟಕ್ಕೆ ಕೂತಾಗ ಸಿಳ್ಳೆ ಹಾಕುತ್ತಿದ್ದರು. ನನ್ನ ಒಂದು ಸುಳ್ಳು ಅವರಿಗೆ ಎಷ್ಟು ಧೈರ್ಯ ಕೊಟ್ಟಿತೆಂದು ಆಗ ಗೊತ್ತಾಗಲಿಲ್ಲ.

ನಿನಗೆ ಈ ವಾರ ಅವರಿಂದ ಒಂದು ದಪ್ಪ ಲಕೋಟೆ ಬರುತ್ತದೆ. ನಿನ್ನೆ ಅಂಚೆಗೆ ಹಾಕಿದ್ದಾರೆ. ಮುಚ್ಚುವ ಮೊದಲು ನಾನು ತೆಗೆದು ನೋಡಿದೆ, ಅದಕ್ಕೆ ಕ್ಷಮೆ ಕೇಳುವುದಿಲ್ಲ. ಒಳಗೆ ಐದು ತಟ್ಟೆಗಳು. ಪ್ರತಿಯೊಂದರ ಮೇಲೂ ದೊಡ್ಡ ಅಕ್ಷರದಲ್ಲಿ ತಾರೀಖು, "ಹದಿನೈದು ಗಜ" ಎಂಬ ಬರಹ, ನಡುವೆ ಚೆಂದದ ತೂತುಗಳ ಗೊಂಚಲು. ಜೊತೆಗೊಂದು ಚೀಟಿ: "ದೂರದ್ದು ಇಲ್ಲೇ ಮುಗಿಸಿದೀನಿ ನೋಡು. ನೀನು ಬಂದಾಗ ಮೂರು ಗಜದ್ದು ಒಂದು ನೋಡಿದ್ರೆ ಸಾಕು, ನಿನ್ನ ಮಂಡಿಗೂ ಸುಲಭ." ತೂತುಗಳ ಸುತ್ತ ನೋಡು, ರಾಯ್ಸ್. ಕಪ್ಪು ಮಸಿಯ ಉಂಗುರವಿದೆ, ಮದ್ದಿನ ಸಣ್ಣ ಚುಕ್ಕೆಗಳಿವೆ. ನಳಿಗೆಯ ಬಾಯಿಗೆ ಒಂದೆರಡು ಅಡಿಯೊಳಗೆ ಇದ್ದರೆ ಮಾತ್ರ ಕಾಗದಕ್ಕೆ ಮಸಿ ಹತ್ತುತ್ತದೆ ಎಂದು ನಮಗೆ ಹೇಳಿಕೊಟ್ಟವರೇ ಅವರು. ಕಣ್ಣು ಕಾಣುವವರು ಯಾರೂ ಆ ತಟ್ಟೆಗಳನ್ನು ನಿನಗೆ ಕಳಿಸುತ್ತಿರಲಿಲ್ಲ.

ಮೊನ್ನೆ ಸೋಮವಾರ ಅವರು ಮರೆತುಹೋದ ಊಟದ ಡಬ್ಬಿ ಕೊಡಲು ಕೋರ್ಟಿಗೆ ಹೋಗಿದ್ದೆ. ಸೋಮವಾರ ಆ ಮೊಗಸಾಲೆ ಹೇಗಿರುತ್ತದೆ ನಿನಗೆ ಗೊತ್ತು: ಮಕ್ಕಳನ್ನು ಎತ್ತಿಕೊಂಡ ತಾಯಂದಿರು, ಜಗಳಕ್ಕೆ ಸಿದ್ಧವಾಗಿ ಬಂದ ಗಂಡಂದಿರು, ಎಲ್ಲರೂ ಬಾಗಿಲಿನಿಂದ ಮೂರು ಗಜದೊಳಗೆ. ಸಾಲಿನಲ್ಲಿ ನನ್ನ ಸರದಿ ಬಂತು. "ಚೀಲ ತೆಗೀರಿ ಮೇಡಂ" ಎಂದರು. ನಾನು ಮಾತಾಡಿದ ಮೇಲೆ ನಕ್ಕು, "ತಮಾಷೆ ಮಾಡ್ದೆ ಕಣೇ" ಎಂದರು. ಸೊಂಟದಲ್ಲಿ ರಿವಾಲ್ವರ್ ಇತ್ತು, ಆರೂ ತೋಟಾ ತುಂಬಿತ್ತು.

ಡಿಸೆಂಬರ್ ಎರಡಕ್ಕೆ ಕಣ್ಣಿನ ಡಾಕ್ಟರರನ್ನು ನೋಡಲು ಗೊತ್ತುಮಾಡಿದ್ದೇನೆ. ನನ್ನ ಕಣ್ಣಿಗೆಂದು ಹೇಳಿ ಕರೆದುಕೊಂಡು ಹೋಗುತ್ತೇನೆ. ಬಾಗಿಲು ಕಾಯುವ ಕೆಲಸ ಬಿಟ್ಟರೆ ಅವರು ಏನಾಗುತ್ತಾರೋ ಎಂದು ನನಗೂ ಭಯವಿದೆ. ಬೆಳಿಗ್ಗೆ ಬ್ಯಾಡ್ಜನ್ನು ಉಜ್ಜುವಾಗ ಅವರ ಮುಖ ನೋಡುವವಳು ನಾನು. ಆದರೆ ಭಯಪಟ್ಟು ಒಂದು ಸುಳ್ಳು ಹೇಳಿದ್ದಾಯಿತು, ಎರಡನೆಯದು ನನ್ನಿಂದಾಗದು.

ಮಂಡಿಗೆ ಬಿಸಿನೀರಿನ ಶಾಖ ಕೊಡುತ್ತಿರು. ಜೋಲೀನಳಿಗೆ ನನ್ನ ಮುತ್ತು, ಕುಂಬಳದ ಕಡುಬು ಅವಳೇ ತರಲಿ, ಅವಳದ್ದು ನನ್ನದಕ್ಕಿಂತ ಚೆನ್ನಾಗಿರುತ್ತದೆ. ಇಬ್ಬರನ್ನೂ ದೇವರು ದಾರಿಯಲ್ಲಿ ಕಾಯಲಿ.

ನಿನ್ನ ಅಮ್ಮ,
ಇರ್ಮಾ

ಮರೆತ ಮಾತು: ಟ್ರಕ್ಕಿನ ಸದ್ದು ಕೇಳುತ್ತಿದೆ, ಬೇಗ ಬರೆಯುತ್ತೇನೆ. ಹಬ್ಬದ ಗುರುವಾರ ಊಟವಾದ ಮೇಲೆ ಅವರು ಪರೀಕ್ಷೆಯ ಹಾಳೆ ನಿನ್ನ ಮುಂದೆ ಇಡುತ್ತಾರೆ. ಈ ಕೌಂಟಿಯಲ್ಲಿ ನಿನ್ನ ಸಹಿಯಿದ್ದರೆ ಸಾಕು, ಯಾರೂ ಮತ್ತೆ ಕೇಳುವುದಿಲ್ಲ. ಸಹಿ ಹಾಕಬೇಡ. ಹೋದ ವರ್ಷದ ಹಾಳೆಯೂ ನಿನ್ನದೇ, ಅದರಲ್ಲಿ ಐವತ್ತು ಗುಂಡು ಎಂದಿದೆ. ಅಂದು ನೀವಿಬ್ಬರೂ ಪರೀಕ್ಷೆಗೆಂದು ಜಲ್ಲಿ ಗುಂಡಿಯಲ್ಲಿದ್ದಾಗ ನಾನು ಕಿಟಕಿ ತೆರೆದು ಪಾತ್ರೆ ತೊಳೆಯುತ್ತಿದ್ದೆ. ನನಗೆ ಕೇಳಿಸಿದ್ದು ಹದಿನೆಂಟು. ವರ್ಷವಿಡೀ ಈ ಮಾತನ್ನು ನಾನು ಯಾರಿಗೂ ಹೇಳಿಲ್ಲ, ನಿನ್ನನ್ನೂ ಕೇಳಿಲ್ಲ, ಈಗಲೂ ಕೇಳುವುದಿಲ್ಲ. ಈ ಸಲ ಜಲ್ಲಿ ಗುಂಡಿಗೆ ನಿಮ್ಮಿಬ್ಬರ ಜೊತೆ ನಾನೂ ಬರುತ್ತೇನೆ.