ದಮ್ಮಾಮಿನ ಮೋಟಾರು

ಮಗಳು ರುಕಿಯಳ ಉಪ್ಪನಿಗೆ,

ನಿಮ್ಮನ್ನು ಸೌದಿಯ ದಮ್ಮಾಮಿನಲ್ಲೇ ದಫನ ಮಾಡಿದರು. ಕಾಪುವಿನ ಮನೆಗೆ ನಿಮ್ಮ ಸಾಮಾನಿನ ಪೆಟ್ಟಿಗೆ ಮಾತ್ರ ಬಂತು. ಅಂಗಿಗಳ ನಡುವೆ, ಮೀನಿನ ತೊಟ್ಟಿಗೆಂದು ನೀವು ಕೊಂಡಿದ್ದ ಗಾಳಿ ಊದುವ ಮೋಟಾರು ಇತ್ತು.

ಕಳೆದ ರಜೆಯಲ್ಲಿ ನೀವು ಉಡುಪಿಯಲ್ಲಿ ಮಾಡಿಸಿದ ಗಾಜಿನ ತೊಟ್ಟಿಯನ್ನು ಅಟ್ಟದಿಂದ ಇಳಿಸಿದೆ. ನೀವು ಹೇಳಿದಂತೆಯೇ ಹೊಳೆಮರಳನ್ನು ನೀರು ತಿಳಿಯಾಗುವವರೆಗೆ ತೊಳೆದು ಹಾಸಿದೆ, ಬಾವಿಯ ನೀರು ತುಂಬಿಸಿದೆ. ಮೀನು ತರುವ ಮೊದಲು ಕೆಲವು ದಿನ ಬರೀ ಮೋಟಾರು ಓಡಬೇಕು ಎಂದಿದ್ದಿರಲ್ಲ, ಪ್ಲಗ್ ಹಾಕಿದೆ. ಗುಳ್ಳೆಗಳು ಎದ್ದವು. ರುಕಿಯ ಚಪ್ಪಾಳೆ ತಟ್ಟುವಷ್ಟರಲ್ಲಿ ಸುಟ್ಟ ವಾಸನೆ ಬಂತು.

ಕರೆಂಟಿನ ಕೆಲಸದ ಅಣ್ಣು ಬಂದು ಬಿಚ್ಚಿ ನೋಡಿದ. "ಇದು ನೂರಹತ್ತು ವೋಲ್ಟಿನದ್ದು ಅಮ್ಮ. ಅಲ್ಲಿಯ ಕರೆಂಟೇ ಬೇರೆ ಉಂಟು, ಇಲ್ಲಿಯದ್ದು ಅದರ ಎರಡು ಪಟ್ಟು. ಇನ್ನು ಎಂತ ಮಾಡಿದರೂ ಓಡುವುದಿಲ್ಲ" ಎಂದ. ಇಷ್ಟು ವರ್ಷ ಅಲ್ಲಿ ದುಡಿದ ನಿಮಗೆ ಅದು ಗೊತ್ತಿರಲಿಲ್ಲವೇ?

ಮೋಟಾರನ್ನು ಮತ್ತೆ ನಿಮ್ಮ ಅಂಗಿಗಳ ನಡುವೆಯೇ ಇಟ್ಟೆ. ತೊಟ್ಟಿಯ ನೀರು ಚೆಲ್ಲಲು ಕೈ ಬರಲಿಲ್ಲ.

ವಾರ ಕಳೆದು ಇವತ್ತು ಬೆಳಿಗ್ಗೆ ರುಕಿಯ ಕೂಗಿದಳು: "ಉಮ್ಮ, ಮೀನು ಬಂತು! ಉಪ್ಪ ಕಳಿಸಿದ್ದು ಅಲ್ವಾ?"

ನಿಂತ ನೀರಿನಲ್ಲಿ ಸೊಳ್ಳೆಯ ಮರಿಗಳು ಕುಣಿಯುತ್ತಿದ್ದವು. ಅವಳೀಗ ಅವುಗಳಿಗೆ ಅನ್ನದ ಅಗುಳು ಹಾಕುತ್ತಿದ್ದಾಳೆ. ಪೆಟ್ಟಿಗೆ ಮೊದಲು ಬಂತು, ಉಪ್ಪ ಹಿಂದಿನಿಂದ ಬರುತ್ತಾರೆ ಎಂದು ಅವಳಿಗೆ ಹೇಳಿದವಳು ನಾನೇ.