ನೀನು ಕಳಿಸಿದ ಸಿಹಿಸುದ್ದಿ

ಇಸ್ಫಹಾನ್
ಸೋಮವಾರ, ಮೊರ್ದಾದ್ 20, 1404 (ನಿಮ್ಮಲ್ಲಿ 2025ರ ಆಗಸ್ಟ್ 11)

ನನ್ನ ಅಖ್ತರ್,

ನೀನು, ನಿನ್ನ ಗಂಡ, ಮೊಮ್ಮಕ್ಕಳು ಎಲ್ಲ ಕ್ಷೇಮವೆಂದು ನಂಬಿದ್ದೇನೆ. ಇಲ್ಲಿಂದ ಹಾರಿದ ಕ್ಷಿಪಣಿಗಳು ಆ ಯಹೂದಿ ನಾಡಿನ ನಿಮ್ಮೂರಿನ ಹತ್ತಿರ ಬಿದ್ದವೆಂದು ಕೇಳಿ ಎರಡು ದಿನ ರೇಡಿಯೋ ಮುಂದಿನಿಂದ ಏಳಲಿಲ್ಲ. ಉತ್ತರ ತಡವಾಯಿತು, ಮನ್ನಿಸು. ಕೋಪ ಇಳಿಯಲಿ, ಆಮೇಲೆ ಬರೆಯೋಣವೆಂದು ಕಾದೆ. ಇಳಿಯಲಿಲ್ಲ. ಇಸ್ತಾಂಬುಲ್‌ಗೆ ಹೊರಟವರೊಬ್ಬರು ಇದನ್ನು ಅಲ್ಲಿಂದ ಅಂಚೆಗೆ ಹಾಕುತ್ತಾರೆ.

ಬಾಂಬು ಬೀಳಲು ಶುರುವಾದ ಮೂರನೆಯ ದಿನ ನೀನು ನನ್ನ ಮಗ ಶೆಹ್ರಾಮನ ಫೋನಿಗೆ ಮಾತಾಡಿ ಕಳಿಸಿದ್ದು ನೆನಪಿದೆಯೇ? "ಅಕ್ಕಾ, ಸಿಹಿಸುದ್ದಿ! ಇನ್ನೊಂದು ಹದಿನೈದು ದಿನ ತಡ್ಕೋ. ನಮ್ಮೋರು ಬರ್ತಿದಾರೆ. ಆ ಗಡ್ಡದೋರೆಲ್ಲ ಎದ್ದುಬಿದ್ದು ಓಡ್ತಾರೆ ನೋಡು!"

ನಮ್ಮೋರು ಅಂದರೆ ಯಾರೇ? ನಮ್ಮ ಓಣಿಯ ಕಿಟಕಿಗಳನ್ನೆಲ್ಲ ಪುಡಿ ಮಾಡಿದವರೇ? ಪಕ್ಕದ ಓಣಿಯ ಬಾಣಂತಿ ಕುಸಿದ ಗೋಡೆಯಡಿ ಸತ್ತಳು. ಅವಳಿಗೂ ಬಿಡುಗಡೆ ಸಿಕ್ಕಿತು ಅನ್ನೋಣವೇ? ಯಾರು ಕೇಳಿದ್ದರು ನಿಮ್ಮನ್ನು?

ನಿನ್ನ ಮಾತು ಬಂದ ಮರುದಿನ ಮಧ್ಯಾಹ್ನ ಶೆಹ್ರಾಮನ ಕನ್ನಡಕದ ಅಂಗಡಿಗೆ ಗುಪ್ತದಳದ ನಾಲ್ವರು ಬಂದರು. ಗಿರಾಕಿಗಳ ಎದುರೇ ಫೋನು ಕಿತ್ತುಕೊಂಡು ನಿನ್ನ ಮಾತನ್ನು ಜೋರಾಗಿ ಹಾಕಿದರಂತೆ. "ಕೇಳ್ಕೊಳ್ರಪ್ಪಾ, ನಿಮ್ಮ ಕಣ್ಣು ಸರಿ ಮಾಡೋನ ಬಂಧುಬಳಗ!" ಎಂದು ನಗಾಡುತ್ತ ಅವನನ್ನು ಎಳೆದೊಯ್ದರು.

ಸಂಜೆ ನೂರುಲ್ಲಾ ಆಘಾ ಬಂದರು. ಈಗ ನಮ್ಮ ಯಹೂದಿ ಸಮುದಾಯಕ್ಕೆ ಅವರೇ ಹಿರಿಯರು. ಧೈರ್ಯ ಹೇಳಲು ಬಂದರೆಂದುಕೊಂಡೆ.

"ಶುಕ್ರವಾರ ನಮ್ಮ ಪ್ರಾರ್ಥನಾ ಮಂದಿರದ ಮುಂದೆ ಸಭೆ ಇದೆ, ತೂರಾನ್ ಖಾನಂ. ಟೀವಿಯೋರು ಬರ್ತಾರೆ. ನಾಯಕರಿಗೆ ಕೃತಜ್ಞತೆ, ಶತ್ರುವಿಗೆ ಧಿಕ್ಕಾರ. ನೀವು ಮುಂದಿನ ಸಾಲಲ್ಲೇ ನಿಲ್ಬೇಕು."

"ಮಗ ಜೈಲಲ್ಲಿದಾನೆ. ಯಾವ ಸುಖಕ್ಕೆ ಕೃತಜ್ಞತೆ?"

"ಜೈಲಲ್ಲಿದಾನೆ ಅಂತಲೇ ಹೇಳ್ತಿರೋದು. ನೀವು ಬರದಿದ್ರೆ ಏನರ್ಥ ಮಾಡ್ಕೋತಾರೆ? ನಿಮಗೆ ಒಬ್ಬ ಮಗ. ನಾನು ಅಷ್ಟೂ ಮನೆಯೋರ ಜೀವ ಕಾಯ್ಬೇಕು."

ಹೋದೆ. ಬಾವುಟ ಹಿಡಿದೆ. ಕೂಗು ಅಂದಾಗ ಕೂಗಿದೆ. ಮೈಕಿನ ಮುಂದೆ ಒಬ್ಬ ಮುಲ್ಲಾ, "ನೀವು ನಮ್ಮ ರಕ್ಷಣೆಯಲ್ಲಿರೋ ಜನ" ಅಂದ. ನನ್ನ ಮೈ ಉರಿದುಹೋಯಿತು. ಇವರ ಮಸೀದಿಗಳು ಏಳುವ ಮೊದಲೇ ಈ ಊರಿನ ಮಣ್ಣಲ್ಲಿ ನಮ್ಮ ಗೋರಿಗಳಿದ್ದವು. ಸ್ವಂತ ಮನೆಯಲ್ಲಿರುವವಳಿಗೆ ರಕ್ಷಣೆ ಏಕೆ, ಯಾರಿಂದ? ಆಳುವವರಿಗೆ ಯುದ್ಧ ಗೆಲ್ಲಲಾಗದಿದ್ದಾಗಲೆಲ್ಲ ನಮ್ಮ ಮನೆಗಳಲ್ಲಿ ಬೇಹುಗಾರರು ಹುಟ್ಟಿಕೊಳ್ಳುತ್ತಾರೆ.

ಆಮೇಲೆ ಪಕ್ಕದ ಮನೆಯ ಸದೀಖೆ ನನ್ನನ್ನು ವಿಚಾರಣೆಯ ಕಚೇರಿಗೆ ಎಳೆದುಕೊಂಡು ಹೋದಳು. ಅವಳ ದೊಡ್ಡ ಮಗ ಇರಾಕಿನ ಯುದ್ಧದಲ್ಲಿ ಸತ್ತವನು, ನಿನಗೆ ಗೊತ್ತಲ್ಲ. ತಲೆಯಿಂದ ಕಾಲವರೆಗೆ ಹೊದ್ದ ಕಪ್ಪು ಚಾದರವನ್ನು ಬಿಗಿದುಕೊಂಡು ಸೀದಾ ಅಧಿಕಾರಿಯ ಮೇಜಿನ ಮುಂದೆ ಕೂತಳು.

"ಏನಪ್ಪಾ, ನನ್ನ ಮಗನ್ನ ಎಲ್ಲಿಟ್ಟಿದೀಯ?"

"ಅವನು ಯಹೂದಿ, ಅಮ್ಮಾ. ನಿಮ್ಮ ಮಗ ಹೇಗಾಗ್ತಾನೆ?"

"ಇವಳು ಬಾಣಂತಿಯಾಗಿ ಟೈಫಾಯ್ಡಲ್ಲಿ ಬಿದ್ದಿದ್ದಾಗ ಮೂರು ತಿಂಗಳು ಅವನಿಗೆ ನನ್ನ ಮೊಲೆಹಾಲು ಕುಡಿಸಿದೀನಿ. ಹಾಲು ಕುಡಿಸಿದೋಳೂ ತಾಯೇ ಅಂತ ನಮ್ಮ ಧರ್ಮ ಹೇಳೋದನ್ನ ನೀನು ನನಗೆ ಹೇಳ್ಕೊಡ್ತೀಯ, ನಿನಗೆ ನಾನು ಹೇಳ್ಕೊಡ್ಲಾ? ಒಬ್ಬನ್ನ ಗಡಿಯಲ್ಲಿ ಕಳಕೊಂಡೆ. ಇವನ್ನ ನಿನಗೆ ಬಿಡಲ್ಲ."

ಆ ಮನುಷ್ಯ ತಲೆ ತಗ್ಗಿಸಿದ. ಚಹಾ ತರಿಸಿದ. ಮಗನನ್ನು ಮಾತ್ರ ಬಿಡಲಿಲ್ಲ. ಎಂಟು ಸಲ ಹೋದೆವು.

ಹಿಡಿದೊಯ್ದ ಇಪ್ಪತ್ತಾರನೆಯ ದಿನ ಶೆಹ್ರಾಮ ಮನೆಗೆ ಬಂದ. ಷರಟಿನೊಳಗೆ ಮೈಯೇ ಇಲ್ಲದಂತಿದ್ದ. ಬಲಗೈ ನಡುಗುತ್ತದೆ, ಕನ್ನಡಕದ ತಿರುಪು ಕೂರಿಸಲು ಆಗುವುದಿಲ್ಲ. ಅಂಗಡಿಗೆ ಹೊಡೆದ ಮೊಹರನ್ನು ಇನ್ನೂ ತೆಗೆದಿಲ್ಲ.

ನಿನ್ನ ಮೇಲೆ ಸಿಟ್ಟಿದೆ, ಅಖ್ತರ್. ಇವರ ಮೇಲೆ ಅದಕ್ಕಿಂತ ಹೆಚ್ಚಿದೆ. ಆಕಾಶದಿಂದ ನಮ್ಮನ್ನು ಉದ್ಧಾರ ಮಾಡಲು ಬಂದವರ ಮೇಲೂ ಅಷ್ಟೇ ಇದೆ. ಆದರೂ ನಿನ್ನ ಮೊಮ್ಮಕ್ಕಳು ನೂರು ಕಾಲ ಬಾಳಲಿ. ಯಾವ ಸೈರನ್ನೂ ಅವರ ನಿದ್ದೆ ಕೆಡಿಸದಿರಲಿ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಕ್ಕ,
ತೂರಾನ್

ತಾ.ಕ.: ಅವನನ್ನು ಹೇಗೆ ಬಿಟ್ಟರೆಂದು ಬರೆಯಲಿಲ್ಲ. ನೀನು ಶತ್ರುವಿನ ಬೇಹುಗಾರ್ತಿ ಎಂದು ಬರೆದುಕೊಡು ಅಂತ ಅಷ್ಟು ದಿನವೂ ಅವನನ್ನು ಹೊಡೆದರು. "ಅವಳು ನನ್ನ ಚಿಕ್ಕಮ್ಮ, ಬಾಯಿಬಡುಕಿ, ಅಷ್ಟೇ" ಎಂದನಂತೆ ಪ್ರತಿ ಸಲ. ಕೊನೆಗೆ ಅವನು ಸಹಿ ಹಾಕದ ಆ ಕಾಗದವನ್ನು ನನ್ನ ಮುಂದಿಟ್ಟರು. ನಾನು ಪೂರ್ತಿ ಓದದೇ ಸಹಿ ಹಾಕಿದೆ. ಇನ್ನು ನೀನು ಈ ನೆಲಕ್ಕೆ ಕಾಲಿಡುವಂತಿಲ್ಲ, ನನ್ನ ಸಾವಿಗೂ. ಶೆಹ್ರಾಮನಿಗೆ ಗೊತ್ತಾಗಿದೆ. ಬಂದಾಗಿನಿಂದ ನನ್ನ ಕೈಯ ಊಟ ಮುಟ್ಟಿಲ್ಲ. ಸದೀಖೆಯ ಮನೆಯಲ್ಲಿ ಉಣ್ಣುತ್ತಾನೆ.